ಮೆಂತ್ಯನ ಉಬ್ಬಸ

ಶಿಡ್ಲಘಟ್ಟ
೨೨-೧-೧೯೬೨

ಅಮ್ಮನಿಗೆ, ದೂರದಿಂದಲೇ ನಿನ್ನ ಕಾಲು ಹಿಡಿದು ರಾಮಲಕ್ಷ್ಮಿ ಬರೆಯುವುದು.

ಮೊದಲು ನಿನ್ನ ಎದೆ ಹಗುರ ಮಾಡಿಬಿಡುತ್ತೇನೆ. ನನಗೆ ಚಿಕ್ಕಂದಿನಿಂದ ಉಬ್ಬಸವಿರುವ ಸಂಗತಿ ಈ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಗೊತ್ತಾದರೆ ಗೌರಿಬಿದನೂರಿಗೇ ವಾಪಸ್ಸು ಕಳಿಸಿಬಿಟ್ಟಾರು ಎಂದು ಧಾರೆಯ ದಿನ ನೀನು ಕಿವಿಯಲ್ಲಿ ಹೇಳಿದ್ದನ್ನು ಎಂಟು ತಿಂಗಳಿಂದ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದೇನೆ. ಇಲ್ಲಿ ಉಬ್ಬಸದ ಸುದ್ದಿ ಏನಿದ್ದರೂ ನೀನು ಬುಟ್ಟಿಯಲ್ಲಿಟ್ಟು ನನ್ನ ಜೊತೆ ಕಳಿಸಿದ ಬೆಕ್ಕಿನದು. ನಗಬೇಡ, ನಮ್ಮ ಮೆಂತ್ಯನಿಗೆ ಉಬ್ಬಸ!

ಇದು ರೇಷ್ಮೆ ಹುಳು ಸಾಕುವ ಮನೆ. ಇಲಿ ನುಗ್ಗಿದರೆ ಹುಳು ಉಳಿಯುವುದಿಲ್ಲ. ಹಾಗಾಗಿ ಬಂದ ದಿನದಿಂದ ಮೆಂತ್ಯನಿಗೆ ಸೊಸೆಗಿಂತ ಒಂದು ಕೈ ಹೆಚ್ಚೇ ಮರ್ಯಾದೆ. ಆದರೆ ದಸರೆ ಕಳೆದ ಮೇಲೆ ಅದಕ್ಕೆ ಒಂದು ಥರಾ ಶುರುವಾಯಿತು. ನೆಲಕ್ಕೆ ಅಂಟಿಕೊಂಡು ಕುಳಿತು, ಕತ್ತು ಮುಂದಕ್ಕೆ ಚಾಚಿ ಖ್ಖ ಖ್ಖ ಎಂದು ಕೆಮ್ಮುವುದು, ಪಕ್ಕೆ ಎಳೆದುಕೊಂಡು ಸುಂಯ್ ಎನ್ನುವುದು. ನೋಡಿದವರಿಗೆ ಏನೋ ನುಂಗಿ ಸಿಕ್ಕಿಸಿಕೊಂಡ ಹಾಗೆ ಕಾಣಬೇಕು. ಅತ್ತೆ ಅಕ್ಕಯ್ಯಮ್ಮನವರು ಸೊಂಟದ ಮೇಲೆ ಕೈಯಿಟ್ಟು, “ನಿನ್ನ ಪಿಲ್ಲಿ ನನ್ನ ಹುಳ ತಿಂತೈತೆ ಕಣಮ್ಮ, ಗಂಟಲಾಗೆ ಸಿಕ್ಕೊಂಡೈತೆ” ಅಂದರು. ಬೆಕ್ಕನ್ನು ಅವರು ತೆಲುಗಿನಲ್ಲೇ ಕರೆಯುವುದು. ಚಿಂತಾಮಣಿ ಸಂತೆಗೆ ಹೋಗುವಾಗ ದಾರಿಯಲ್ಲಿ ಬಿಟ್ಟುಬರೋಣವೆಂದು ಮಾವನವರು ಗೋಣಿಚೀಲವನ್ನೂ ಹುಡುಕಿಟ್ಟರು. ನಾನು ಅನ್ನ ಬಿಟ್ಟು ಕುಳಿತು ಅತ್ತುಬಿಟ್ಟೆ.

ನಿನ್ನ ಅಳಿಯಂದಿರಿಗೆ ನೋಡಲಾಗಲಿಲ್ಲ. ಪಕ್ಕದ ಮನೆಯ ಎತ್ತಿಗೆ ಮದ್ದು ಮಾಡಲು ಬಂದಿದ್ದ ದನದ ಡಾಕ್ಟರನ್ನು ಕೈಹಿಡಿದು ಎಳೆದುಕೊಂಡೇ ಬಂದರು. ಬೆಕ್ಕನ್ನು ಕಂಡು ಆ ಮನುಷ್ಯ ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಬಾಯಿ ತೆರೆಸಿ ನೋಡಿದರು, ಪಕ್ಕೆಗೆ ಕೊಳವೆ ಇಟ್ಟು ಕೇಳಿದರು, ಕೈಗೆ ಎರಡು ಗೀರು ಹಾಕಿಸಿಕೊಂಡರು. “ಹುಳಾನೂ ಇಲ್ಲ, ಏನೂ ಇಲ್ಲ. ಮನುಷ್ಯರಿಗೆ ಬರೋ ಉಬ್ಬಸಾನೇ ಇದು. ಯಾವಾಗ ಬರುತ್ತೆ?” ಎಂದರು. ಹುಳು ಜ್ವರಕ್ಕೆ ಕೂತಾಗೆಲ್ಲ ಎಂದು ನನಗೆ ಆಗ ಹೊಳೆಯಿತು. ಪೊರೆ ಬಿಡುವ ಮುಂಚೆ ಹುಳುಗಳು ಸೊಪ್ಪು ತಿನ್ನದೆ ತಲೆಯೆತ್ತಿ ಕೂರುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ, ಮನೆಯೆಲ್ಲ ಬಿಳಿ ಧೂಳು. ಡಾಕ್ಟರು ತೊಡೆ ತಟ್ಟಿ “ಅದೇ ಮತ್ತೆ!” ಅಂದರು. ಧೂಳು, ಹೊಗೆ ತಾಗದ ಹಾಗೆ ನೋಡಿಕೊಳ್ಳಬೇಕಂತೆ. ಬಾಯಿ ತೆರೆದು ಉಸಿರೆಳೆಯತೊಡಗಿದರೆ ತಡಮಾಡದೆ ಕರೆಯಬೇಕಂತೆ. ಮನುಷ್ಯರ ಮಾತ್ರೆಯನ್ನಂತೂ ಅಪ್ಪಿತಪ್ಪಿಯೂ ಕೊಡಬಾರದಂತೆ. ಮಾವನವರು ಹಿಡಿದು ನಿಂತಿದ್ದ ಮಾತ್ರೆಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಗೋಣಿಚೀಲ ಅಟ್ಟ ಸೇರಿತು.

ನಿನಗೆ ಮಾತ್ರ ಒಂದು ಹೇಳುತ್ತೇನೆ, ಬೈಯಬೇಡ. ಹೋದ ಸಲದ ಹುಳುವಿನ ಬೆಳೆಯಲ್ಲಿ, ಡಾಕ್ಟರು ಬಂದುಹೋದ ಮೇಲಿನ ಜ್ವರಕ್ಕೆ ಮೆಂತ್ಯನನ್ನು ಹೊರಗೆ ಹಾಕಿ, ಬಾಗಿಲು ಮುಚ್ಚಿಕೊಂಡು ನಾನೇ ಸುಣ್ಣ ಉದುರಿಸುತ್ತಿದ್ದೆ. ಅರ್ಧ ಕೆಲಸಕ್ಕೇ ನನಗೇ ಹಿಡಿದುಕೊಂಡಿತು. ಸೊಪ್ಪಿನ ಕೋಣೆಗೆ ಓಡಿ ಗೋಡೆ ಹಿಡಿದು ಕುಳಿತೆ. ಅದೇನಮ್ಮ ಸದ್ದು ಎಂದು ಅತ್ತೆ ಜಗಲಿಯಿಂದ ಕೂಗಿದರು. ಬಾಯಿಗೆ ಬಂದದ್ದೇ, ಮೆಂತ್ಯ ಅಂದುಬಿಟ್ಟೆ. ಕಿಟಕಿಯಿಂದ ನುಗ್ಗಿರಬೇಕು ಅಂದುಕೊಂಡರೋ ಏನೋ, ಅವರು ಮತ್ತೆ ಕೇಳಲಿಲ್ಲ. ಕಳ್ಳನ ಮನಸ್ಸು ಹುಳ್ಳುಹುಳ್ಳುಗೆ, ನಾನು ಎರಡು ದಿನ ಅವರ ಮುಖ ನೋಡಲಿಲ್ಲ. ಪಾಪ, ಮೂಕಪ್ರಾಣಿಯ ಮೇಲೆ ಹೊರಿಸಿದೆ.

ಆದರೆ ಅಲ್ಲಿಂದೀಚೆಗೆ ಅತ್ತೆಗೆ ಬೆಕ್ಕಿನ ಮೇಲೆ ಉಕ್ಕಿರುವ ಪ್ರೀತಿಯನ್ನು ನೀನು ಬಂದು ನೋಡಬೇಕು! ಸುಣ್ಣದ ಕೆಲಸ ತಾವೇ ವಹಿಸಿಕೊಂಡಿದ್ದಾರೆ. “ನೀನು ಪಿಲ್ಲಿ ಹಿಡ್ಕೊಂಡು ಬೇವಿನ ಮರದ ಕೆಳಗೆ ಕೂತ್ಕೋ ಹೋಗಮ್ಮ, ಬಿಟ್ರೆ ಅದು ಒಳಕ್ಕೆ ಬರ್ತೈತೆ” ಅನ್ನುತ್ತಾರೆ. ಕಸ ಗುಡಿಸುವ ಮುಂಚೆ ನೀರು ಚಿಮುಕಿಸುತ್ತಾರೆ. ಶುಕ್ರವಾರದ ಸಾಂಬ್ರಾಣಿ ಈಗ ಅಂಗಳದ ತುಳಸಿಗೆ ಮಾತ್ರ, ಒಳಗಿನ ದೇವರಿಗೆ ಬರೀ ಹೂವು. ಮೆಂತ್ಯ ಮಲಗುತ್ತದೆಂದು ನನ್ನ ಕಂಬಳಿಯನ್ನು ವಾರಕ್ಕೊಮ್ಮೆ ಒಯ್ದು ಬಿಸಿಲಿಗೆ ಹಾಕಿ ಬಡಿಯುತ್ತಾರೆ. ಒಂದು ಬೆಕ್ಕಿಗೆ ಇಷ್ಟೊಂದು ಉಪಚಾರವೇ ಎಂದು ಬೀದಿಯವರೆಲ್ಲ ನಗುತ್ತಾರೆ.

ಈ ಬೆಳೆಯಲ್ಲಿ ಮೆಂತ್ಯನಿಗೆ ಬಂದದ್ದು ಒಂದೇ ಸಲ, ಅದೂ ಬೇಗ ಇಳಿಯಿತು. ನನಗಂತೂ ಒಮ್ಮೆಯೂ ಇಲ್ಲ. ಹುಳುಗಳು ಹಣ್ಣಾಗಿ, ಚಂದ್ರಿಕೆ ಅನ್ನುವ ಬಿದಿರು ತಟ್ಟಿ ಏರಿ ಗೂಡು ಕಟ್ಟುತ್ತಿವೆ. ಮೆಂತ್ಯ ಅದರ ಕೆಳಗೆ ಅಮಲ್ದಾರರ ಹಾಗೆ ಕುಳಿತಿದೆ. ನಾನು ಇಲ್ಲಿ ತುಂಬ ಸುಖವಾಗಿದ್ದೇನೆ ಅಮ್ಮ. ನಿನ್ನ ಸಮಾಧಾನಕ್ಕೆ ಬರೆಯುತ್ತಿರುವ ಮಾತಲ್ಲ ಇದು. ಅಪ್ಪನಿಗೂ ಹೇಳು.

ಇಂತಿ ನಿನ್ನ ಮಗಳು,
ರಾಮಲಕ್ಷ್ಮಿ

ಮತ್ತೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕುಳಿತರು. ಅವರಿಗೆ ಓದುಬರಹ ಬಾರದು. ನಿಮ್ಮಮ್ಮನಿಗೆ ನನ್ನವೂ ನಾಲ್ಕು ಮಾತು ಹಾಕು ಅಂದರು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ಕಣ್ಣು ಮಂಜಾಗಿದೆ, ಅಕ್ಷರ ಸೊಟ್ಟಗಿದ್ದರೆ ಕೂಡಿಸಿಕೊಂಡು ಓದು. “ಬೀಗಿತ್ತಮ್ಮ, ಆವತ್ತು ಸೊಪ್ಪಿನ ಕೋಣೆಯಿಂದ ಸದ್ದು ಬಂದಾಗ ಪಿಲ್ಲಿ ನನ್ನ ಮಡಿಲಾಗೇ ಮಲಗಿತ್ತು. ಹುಡುಗೀಗೆ ಚಿಕ್ಕಂದಿನಾಗೆ ಏನು ಕಷಾಯ ಕೊಡ್ತಿದ್ರಿ, ಬರೆದು ಕಳಿಸಿ. ಪಿಲ್ಲೀನೂ ವಾಪಸ್ ಕೊಡಲ್ಲ, ನಿಮ್ಮ ಮಗಳ್ನೂ ಕೊಡಲ್ಲ.”