ಬರೀ ನೀರಿನ ಮೂರು ಮಡಿ

ಹಲಬರ್ಗಾ, ತಾ. ಭಾಲ್ಕಿ
೧೯ ಜನವರಿ ೨೦೨೫

ಪ್ರೀತಿಯ ಮೊಮ್ಮಗಳು ಮಹಾಮಾಯಾಗೆ ನಿನ್ನ ಮುತ್ಯಾ ಪಂಢರಿಯ ಜೈಭೀಮ.

ಮೊದಲು ನಿನ್ನ ಆರೋಗ್ಯ ಹೇಳು. ರಾಯಚೂರಿನ ಹಾಸ್ಟೆಲ್ ಊಟದಿಂದ ಎದ್ದ ಹೊಟ್ಟೆನೋವು ಇಳಿಯಿತೇ? ನನ್ನ ಮೊಣಕಾಲಿನ ಸುದ್ದಿ ಕೇಳಬೇಡ. ದಿನಾ ಸಂಜೆ ಪಾಲಕಿನ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಲೆ ಎಣಿಸಿ, ಸ್ಕೇಲ್ ಹಿಡಿದು ಅಳೆದು ಸಾಕಾಗಿದೆ. ಮೊಮ್ಮಗಳು ಮುದುಕನನ್ನು ಸಾಲಿಗೆ ಹಚ್ಚಿ ಪಾಟಿ ಹಿಡಿಸಿದಳು ಎಂದು ಊರವರು ನಗುತ್ತಾರೆ. ನಗಲಿ ಬಿಡು.

ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಕಿವಿಯಲ್ಲಿದೆ. ಆರು ಮಡಿಗಳಲ್ಲಿ ಮೂರಕ್ಕೆ ನ್ಯಾನೊ ಸತುವಿನ ಔಷಧಿ, ಮೂರಕ್ಕೆ ಬರೀ ನೀರು ಹೊಡೆಯಬೇಕು ಎಂದು ನೀನು ಹೇಳಿಹೋಗಿದ್ದೆ. ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಕಣ ಎಲೆಯೊಳಗೆ ಇಳಿದು ಸೊಪ್ಪಿಗೆ ಬಲ ಕೊಡುತ್ತದೋ ಇಲ್ಲವೋ ನೋಡಬೇಕಿತ್ತು. ನಾನು ಕಳಿಸಿದ ಅಳತೆಯಲ್ಲಿ ಆರೂ ಮಡಿ ಸಮ. ಔಷಧಿಯಿಂದ ಏನೂ ಆಗಲಿಲ್ಲ, ಬರುವ ತಿಂಗಳು ಪ್ರಬಂಧದಲ್ಲಿ ಹಾಗೇ ಬರೆಯುತ್ತೇನೆ ಎಂದು ನೀನು ಹೇಳಿದೆ. ಬರೆಯಬೇಡ ತಾಯಿ. ನೀರಿನ ಮಡಿಗಳಿಗೂ ಔಷಧಿ ಬಿದ್ದಿದೆ.

ಹೊಡೆದವಳು ನಮ್ಮ ಮನೆಯವಳು, ನಿನ್ನ ಆಯಿ ಅನುಸೂಯಾಬಾಯಿ. ನಾನು ಮೂರು ಮಡಿಗೆ ಔಷಧಿ ಹೊಡೆದು ಮುಗಿಸಿ ಚಹಾಕ್ಕೆ ಮನೆಗೆ ಬಂದರೆ, ಅವಳು ಅದೇ ಪಂಪು ಎತ್ತಿಕೊಂಡು ಉಳಿದ ಮೂರಕ್ಕೂ ಹೊಡೆಯುತ್ತಿದ್ದಳು. ಔಷಧಿ ಹೊಡೆದ ಮೂರು ಸಲವೂ ಹಾಗೆಯೇ. ಕೇಳಿದರೆ ಮುಚ್ಚಿಡಲಿಲ್ಲ. "ಒಂದೇ ಪಂಗತಿನಾಗ ಕುಂತಾವ್ರಿ. ಮೂರಕ್ಕ ಬಡಿಸಿ ಮೂರಕ್ಕ ನೀರು ಕುಡಸೂದು ನನ್ನ ಕೈಲಿ ಆಗಂಗಿಲ್ಲ" ಎಂದಳು.

ನಿನಗೆ ಅವಳು ಹೇಳಿರಲಿಕ್ಕಿಲ್ಲ. ಒಂಬತ್ತು ವರ್ಷದವಳಿದ್ದಾಗ ಗೌಡರ ಮನೆಯ ಮದುವೆಗೆ ಹೋಗಿದ್ದಳು. ನಮ್ಮ ಜನರ ಪಂಗತಿ ಕೊಟ್ಟಿಗೆಯ ಹಿಂದೆ, ಎಲ್ಲರದೂ ಮುಗಿದ ಮೇಲೆ. ಎಲೆ ಹಾಕಿಸಿಕೊಂಡು ಸಂಜೆಯವರೆಗೆ ಕೂತರೂ ಹುಗ್ಗಿ ಅಲ್ಲಿಯವರೆಗೆ ಬರಲಿಲ್ಲ. ಅವತ್ತು ಅವಳು ನೀರು ಕುಡಿದು ಎದ್ದು ಬಂದಳು. ಹೋಲಿಸಿ ನೋಡಲು ಮೂರು ಮಡಿ ಬರಿದೇ ಇಡಬೇಕೆಂಬ ನಿಮ್ಮ ವಿದ್ಯೆಯ ನ್ಯಾಯ ಅವಳಿಗೆ ಹೇಗೆ ತಿಳಿಸಲಿ? ನನಗೂ ಸುಸ್ತಾಗಿದೆ.

ಬಿಸಿಲು ಏರಿದರೆ ಪಾಲಕು ನಿಲ್ಲುವುದಿಲ್ಲ. ಮತ್ತೆ ಬಿತ್ತುವುದೆಂದರೆ ಮಳೆ ಮುಗಿದ ಮೇಲೆಯೇ, ಅಂದರೆ ನಿನ್ನ ಡಿಗ್ರಿಗೆ ಒಂದು ವರ್ಷ ತಡ. ಗೈಡ್ ಸಾಹೇಬರಿಗೆ ಇದ್ದದ್ದು ಇದ್ದಹಾಗೆ ಹೇಳು, ಬೇಕಾದರೆ ನಾನೇ ಬಂದು ಹೇಳುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಆಯಿಯ ಆಶೀರ್ವಾದ.

ನಿನ್ನ ಮುತ್ಯಾ,
ಪಂಢರಿ

ತಾ.ಕ.: ಎಲ್ಲವನ್ನೂ ಅವಳ ತಲೆಗೆ ಕಟ್ಟಿದೆ, ಅದು ಸರಿಯಲ್ಲ. ಎರಡನೇ ಸಲ ಅವಳು ಹೊಡೆಯುವಾಗ ನಾನು ಬೇಲಿಯ ಹತ್ತಿರವೇ ನಿಂತಿದ್ದೆ. ಒಂದೊಂದು ಗಿಡದ ಮುಂದೆ ನಿಂತು, ಇದಕ್ಕೆ ಬಂತೋ ಇಲ್ಲವೋ ಎಂದು ನೋಡಿ ನೋಡಿ ಹೊಡೆಯುತ್ತಿದ್ದಳು. ನಾನು ತಡೆಯಲಿಲ್ಲ. ಮನೆಗೆ ಬಂದು ನಿನ್ನ ನೋಟ್‌ಬುಕ್ಕಿನಲ್ಲಿ 'ನೀರು' ಎಂದು ಬರೆದವನು ನಾನು. ಬೈಯುವುದಿದ್ದರೆ ನನಗೆ ಬೈ.