ಮುಟ್ಟಬಾರದ ಲಿವರ್

ಅಪ್ಪಾ,

ಇವತ್ತು ಎಕಂಬಾ ಹೊಲದ ಕೆಸರಿನಲ್ಲಿ ನಿಮ್ಮ ಜೀಪು ಹೂತುಹೋಯಿತು. "ಫೋರ್ ವೀಲ್ ಲಿವರ್ ಮುಟ್ಟಬ್ಯಾಡವ್ವ" ಎನ್ನುತ್ತಿದ್ದಿರಲ್ಲ, ಅದನ್ನೇ ಎಳೆದೆ. ಕೆಳಗೆ ಏನೋ ಕಟಕ್ಕೆಂದು ಮುರಿಯಿತು.

ಟ್ರ್ಯಾಕ್ಟರಿಗೆ ಕಟ್ಟಿ ಭಾಲ್ಕಿಯ ಗ್ಯಾರೇಜಿಗೆ ತಂದಾಗ ಬಕ್ಕಪ್ಪ ಮಿಸ್ತ್ರಿ ಗಾಡಿಯ ಅಡಿಯಿಂದಲೇ ನಕ್ಕರು. "ಮುಂದಿನ ಆಕ್ಸಲ್ ಒಂದು ಕಂಪನಿದು, ಹಿಂದಿನದು ಇನ್ನೊಂದ್ರದು. ಗೇರಿನ ಹಲ್ಲಿನ ಲೆಕ್ಕ ಕೂಡಂಗಿಲ್ಲ ತಂಗಿ. ನಾಲ್ಕೂ ಗಾಲಿ ಕೂಡಿ ತಿರುಗಿದ್ರ ಅತ್ತಿ-ಸೊಸಿ ಜಗಳಾನೇ! ನಿನ್ನ ಬೀದರ್ ಪರೀಕ್ಷಾ ಇತ್ತಲ್ಲ, ಅದರ ಹಿಂದಿನ ದಿನಾನೇ ಹಿಂದಿನ ಗಾಲಿ ಆಕ್ಸಲ್ ಮುರೀತು. ಸಿಕ್ಕಿದ್ದು ಹಾಕು ಅಂದ್ರು ನಿಮ್ಮಪ್ಪ. ಹೇಳಿಲ್ಲೇನು?"

ಲಿವರ್ ಮುಟ್ಟಬ್ಯಾಡ ಎಂದರೆ ನನ್ನ ಡ್ರೈವಿಂಗ್ ಮೇಲೆ ನಿಮಗೆ ನಂಬಿಕೆಯಿಲ್ಲ ಎಂದುಕೊಂಡಿದ್ದೆ. ಔರಾದ್ ಬಸ್‌ಸ್ಟ್ಯಾಂಡಿಗೆ ನನ್ನನ್ನು ಕರೆಯಲು ಬಂದು ಪ್ರತಿ ಸಲ ನೀವು ಕೀಲಿ ಚಾಚುತ್ತಿದ್ದಿರಿ. ನಾನು ಮುನಿಸಿನಿಂದ ಪಕ್ಕದ ಸೀಟಿಗೇ ಹೋಗಿ ಕೂರುತ್ತಿದ್ದೆ. ನೀವಿದ್ದಾಗ ಒಮ್ಮೆಯಾದರೂ ಆ ಲಿವರ್ ಯಾಕೆ ಮುಟ್ಟಬಾರದು ಎಂದು ಕೇಳಬಹುದಿತ್ತೇನೋ.

"ಯಾವುದು ಬದಲಿ ಮಾಡ್ಲಿ? ಮುಂದಿಂದೋ, ಹಿಂದಿಂದೋ?" ಎಂದರು ಮಿಸ್ತ್ರಿ. ಎರಡೂ ಒಂದೇ ಕಂಪನಿಯವಾದರೆ ಸಾಕಂತೆ. ಹಿಂದಿನದು ನೀವು ಹಾಕಿಸಿದ್ದು, ಅದಿರಲಿ. ಅದಕ್ಕೆ ಹೊಂದುವಂಥದ್ದನ್ನು ಮುಂದೆ ಹಾಕಿ ಎಂದೆ.

ಜೀಪು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಔರಾದಿಗೆ ಬಂದೆ. ತುಂಬಾ ದಣಿದಿದ್ದೆ. ಆದರೂ ಸ್ಟ್ಯಾಂಡಿನಲ್ಲಿ ಇಳಿದು, ನೀವು ಜೀಪು ನಿಲ್ಲಿಸುತ್ತಿದ್ದ ಕಡೆ ಸ್ವಲ್ಪ ಹೊತ್ತು ನಿಂತೆ.