ಎಳೆಯಲಾರದ ಬಿಳಿ ಕಾರು

ಅತ್ತೆಯವರಿಗೆ, ನಿಮ್ಮ ಸೊಸೆ ಶೋಭಾ ಮಾಡುವ ನಮಸ್ಕಾರ.

ನಾವೆಲ್ಲ ಕ್ಷೇಮ ಎಂದು ಬರೆಯಬೇಕು. ಆದರೆ ನಿಮಗೆ ಸುಳ್ಳು ಬರೆಯಲು ಕೈ ಬರುವುದಿಲ್ಲ. ಮೈಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮನಸ್ಸಿನಲ್ಲಿ ಮಾತ್ರ ತಿಂಗಳುಗಳಿಂದ ಹೇಸಿಗೆ ತುಂಬಿಕೊಂಡು ಕೂತಿದ್ದೇನೆ. ನಿಮ್ಮೆದುರು ನಿಮ್ಮ ಮಗನನ್ನು ಯಾವಾಗಲೂ ‘ಅವರು’ ಎನ್ನುತ್ತಿದ್ದೆ. ಈ ಪತ್ರದಲ್ಲಿ ‘ಅವನು’ ಎಂದೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಬೇರೆ ಯಾರಿಗೆ ಹೇಳಲಿ? ಧಾರವಾಡಕ್ಕೆ ಫೋನ್ ಮಾಡಿದರೆ ಅವ್ವ ಅಳುತ್ತಾಳೆ. ಇಲ್ಲಿ ಲಂಡನ್ನಿನ ಗೆಳತಿಯರಿಗೆ ಹೇಳಿದರೆ ಸಂಜೆಯೊಳಗೆ ಊರಿನ ಆಚೆ ತುದಿಯ ಕೊಲಿಂಡೇಲ್‌ವರೆಗೂ ಸುದ್ದಿ. ನೀವಾದರೆ ಸುಮ್ಮನೆ ಕೇಳಿಸಿಕೊಳ್ಳುತ್ತೀರಿ. ಇದ್ದಾಗಲೂ ಹಾಗೇ ಅಲ್ಲವೇ, ಬಟಾಣಿ ಸುಲಿಯುತ್ತ, ತಲೆ ಎತ್ತದೆ...

ಆ ಏಪ್ರಿಲ್ ಮಧ್ಯಾಹ್ನ ನೆನಪಿದೆಯೇ? ಮಾವನವರು ತೀರಿಕೊಂಡ ಮೇಲೆ ನೀವು ಕುಮಟೆ ಬಿಟ್ಟು ನಮ್ಮ ಅಕ್ಸ್‌ಬ್ರಿಡ್ಜ್ ಮನೆಗೆ ಬಂದ ಮರುವರ್ಷ. ತನ್ವಿಯ ಶಾಲೆಯವರು ಮಕ್ಕಳಿಗೆ ಹಾಯಿದೋಣಿ ಕಲಿಸಲು ಜಲಾಶಯಕ್ಕೆ ಕರೆದೊಯ್ದಿದ್ದರು. ಮೊಮ್ಮಗಳನ್ನು ಕರೆತರಲು ನಾವಿಬ್ಬರೂ ಹೋಗಿದ್ದೆವು. ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ದಂಡೆಯಲ್ಲಿ ನಿಂತ ನೀವು ಇದ್ದಕ್ಕಿದ್ದಂತೆ ಅಂದಿರಿ: “ಹಾಯಿ ಅಷ್ಟು ಬಿಗಿ ಹಿಡಿದ್ರೆ ದೋಣಿ ಮಗುಚ್ತದೆ. ಆ ಕೂಸಿಗೆ ಯಾರಾದ್ರೂ ಹೇಳುದಲ್ದಾ?” ಮುಂದಿನ ವಾರ ನೀವೇ ನೀರಿಗಿಳಿದಿರಿ. ಅರವತ್ತು ದಾಟಿದವರು, ಸಲ್ವಾರಿನ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಮಕ್ಕಳ ಸಾಲಿನಲ್ಲಿ. ನಿಮ್ಮ ತಂದೆ ಮಚವೆ ನಡೆಸುತ್ತಿದ್ದ ಕತೆಯನ್ನು ನೀವು ನನಗೆ ಹೇಳಿದ್ದು ಅಂದು ವಾಪಸು ಬರುವಾಗ. ಹಾಯಿ ಕಟ್ಟಿದ ಆ ದೊಡ್ಡ ದೋಣಿಯಲ್ಲಿ ಬೇರೆಯವರ ಹೆಂಚು ತುಂಬಿಕೊಂಡು ಅವರು ಕರಾವಳಿಗುಂಟ ಹೋಗುತ್ತಿದ್ದುದು, ಅಣ್ಣಂದಿರನ್ನು ಹತ್ತಿಸಿಕೊಂಡು, ಹೆಣ್ಣುಮಗಳೆಂದು ನಿಮ್ಮನ್ನು ಮಾತ್ರ ದಡದಲ್ಲೇ ಬಿಡುತ್ತಿದ್ದುದು. ಜಲಾಶಯದ ದೋಣಿ ಕ್ಲಬ್ಬಿನಲ್ಲಿ ಯಾರೋ ಕೈಬಿಟ್ಟಿದ್ದ ಮರದ ಪುಟ್ಟ ದೋಣಿಯನ್ನು ನೀವು ಕೊಂಡಾಗ ನನಗೆ ಆಶ್ಚರ್ಯವೇ ಆಗಲಿಲ್ಲ.

ಆಸ್ಪತ್ರೆಯ ಕಿಟಕಿಯ ಪಕ್ಕ ನೀವು ಒರಗಿಕೊಂಡು ಕಾರಿನ ಮಾತು ಎತ್ತಿದ್ದು ಕಳೆದ ಚಳಿಗಾಲ. ನಮ್ಮ ಹಳೆಯ ನೀಲಿ ಡೀಸೆಲ್ ಕಾರು ಲಂಡನ್ನಿನ ಹೊಗೆ ನಿಯಮಕ್ಕೆ ಹೊಂದದೆ ಆಗಷ್ಟೇ ಮಾರಾಟವಾಗಿತ್ತು. ದೋಣಿಯನ್ನು ಟ್ರೇಲರ್ ಮೇಲೆ ಹೇರಿ ನಾನೂ ನೀವೂ ಕ್ಲಬ್ಬಿನಿಂದ ನಮ್ಮ ಗ್ಯಾರೇಜಿಗೆ, ಗ್ಯಾರೇಜಿನಿಂದ ಕ್ಲಬ್ಬಿಗೆ ಸಾಗಿಸುತ್ತಿದ್ದುದು ಅದರಲ್ಲೇ. ನೀವು ನನ್ನ ಕೈ ಹಿಡಿದು ಹೇಳಿದಿರಿ: “ಹೊಸ ಗಾಡಿ ತಗಳುವಾಗ ಎಳೀತದಾ ಅಂತ ಮಾತ್ರ ಕೇಳ್ಬೇಡ. ಇಳಿಜಾರಿನಲ್ಲಿ ಹಿಂದಿನ ಭಾರ ತಡೀತದಾ ಕೇಳು. ಒಂದ್ಸಲ ಸಮುದ್ರ ಕಾಣ್ಸು ಅದ್ಕೆ.” ದೋಣಿಗೆ ಸಮುದ್ರ ಕಾಣಿಸು ಎಂದಿರಿ. ನಿಮಗೆ ಎನ್ನಲಿಲ್ಲ. ಅಷ್ಟು ಹೊತ್ತಿಗೆ ನಿಮಗೆ ಗೊತ್ತಾಗಿತ್ತೇನೋ. ನಿಮ್ಮ ಮಗ ಮಂಚದ ಆಚೆ ಬದಿಯಲ್ಲಿ ನಿಂತು, ಆಯ್ತಮ್ಮ, ಎಳೆಯುವ ಕಾರನ್ನೇ ತರುತ್ತೇನೆ ಎಂದ. ನಾನು ನಂಬಿದೆ.

ಶೋರೂಮಿಗೆ ಹೋದದ್ದು ಒಂದು ಶನಿವಾರ. ನೀವು ತೀರಿಹೋಗಿ ಎರಡು ತಿಂಗಳಾಗಿರಬೇಕು. ಸದಸ್ಯತ್ವ ನಿಮ್ಮ ಹೆಸರಲ್ಲಿದ್ದದ್ದರಿಂದ ಬೇಸಿಗೆಗೆ ಮೊದಲು ದೋಣಿಯನ್ನು ತೆಗೆದುಕೊಂಡು ಹೋಗಿರೆಂದು ಕ್ಲಬ್ಬಿನವರು ಮೆತ್ತಗೆ ಹೇಳಿದ್ದರು. ಮಾರುವವನು ಸೆಂಟು ಸುರಿದುಕೊಂಡು ಬಂದಿದ್ದ. ನನ್ನ ಕಡೆ ನೋಡದೆ, ಬಿಳಿ ಬ್ಯಾಟರಿ ಕಾರಿನ ಮೈ ಸವರುತ್ತ, ನಿಮ್ಮ ಮಗನನ್ನು ಡಾಕ್ಟರ್, ಡಾಕ್ಟರ್ ಎಂದು ಕರೆಯುತ್ತ ಸುತ್ತಿದ. ಇದು ಎಷ್ಟು ಭಾರ ಎಳೆಯುತ್ತದೆ ಎಂದು ನಾನು ಕೇಳಿದೆ. ಅವನು ನಕ್ಕ. ಮೇಡಂ ವಿಹಾರ ನೌಕೆ ಇಟ್ಟಿದ್ದಾರೆಯೇ ಎಂದು ನಿಮ್ಮ ಮಗನನ್ನು ಕೇಳಿದ. ನಿಮ್ಮ ಮಗನೂ ನಕ್ಕ! ಅದನ್ನು ಹೇಗೆ ಮರೆಯಲಿ? ಇಷ್ಟು ದೊಡ್ಡ ಗಾಡಿ ಏನನ್ನಾದರೂ ಎಳೆಯುತ್ತದೆ ಬಿಡಿ ಎಂದು ಮಾರುವವನು ಮಾತು ಮುಗಿಸಿ, ಮೇಲಿನ ಗಾಜಿನ ಚಾವಣಿ ತೋರಿಸಲು ಅವನನ್ನು ಒಳಗೆ ಕೂರಿಸಿದ. ಇಬ್ಬರೂ ಮೇಲೆ ನೋಡುತ್ತ ಕುಳಿತರು. ನಾನೂ ತನ್ವಿಯೂ ಹೊರಗೆ ನಿಂತಿದ್ದೆವು.

ಕಾರು ಮನೆಗೆ ಬಂದ ಮೇಲೆ ಒಂದು ಭಾನುವಾರ ಊಟಕ್ಕೆ ಮಂದಿ ಬಂದಿದ್ದರು. ಪ್ರಕಾಶ ಮತ್ತು ಅವನ ಹೆಂಡತಿ, ಕೊಲಿಂಡೇಲಿನ ಫ್ಲ್ಯಾಟಿನವರು, ನಿಮಗೆ ಗೊತ್ತು. ಎಲ್ಲರೂ ಹೊರಗೆ ನಿಂತು ಆ ಬಿಳಿ ಕಾರನ್ನು ಹೊಗಳಿ ಮುಗಿಸಿದರು. ಒಳಗೆ ಬಂದಾಗ ಗೋಡೆಯ ಮೇಲಿನ ನಿಮ್ಮ ಫೋಟೋ ಕಂಡಿತು, ಹುಟ್ಟು ಹಿಡಿದು ನಗುತ್ತಿರುವುದು. ಆಂಟಿಗೆ ಮೀನುಗಾರರ ಹುಚ್ಚು ಎಲ್ಲಿಂದ ಬಂತಪ್ಪ ಎಂದು ಪ್ರಕಾಶ ತಮಾಷೆ ಮಾಡಿದ. ಅವನ ಹೆಂಡತಿ ಮೂಗಿನ ಹತ್ತಿರ ಕೈ ಆಡಿಸಿದಳು, ವಾಸನೆ ಬಂದವಳಂತೆ. ನಾನು ನಿಮ್ಮ ಮಗನ ಮುಖ ನೋಡಿದೆ. ಅವನು ಅನ್ನಕ್ಕೆ ಸಾರು ಕಲೆಸುತ್ತ ಹೇಳಿದ: “ಇಲ್ಲಪ್ಪ, ನಮ್ಮ ತಾತಂದು ಶಿಪ್ಪಿಂಗ್ ಬಿಸಿನೆಸ್ ಇತ್ತು. ಅಮ್ಮಂಗೆ ಅದರ ನೆನಪು.” ಶಿಪ್ಪಿಂಗ್! ಬೇರೆಯವರ ಹೆಂಚು ಹೊತ್ತು, ಉಪ್ಪುನೀರಿನಲ್ಲಿ ಅಂಗೈ ಸೀಳಿಸಿಕೊಂಡು ಆರು ಮಕ್ಕಳನ್ನು ಸಾಕಿದವರನ್ನು ಒಂದು ತುತ್ತು ನುಂಗುವಷ್ಟರಲ್ಲಿ ಸಾಹುಕಾರ ಮಾಡಿಬಿಟ್ಟ. ನನ್ನ ತಟ್ಟೆಯ ಊಟ ಹಾಗೇ ಉಳಿಯಿತು.

ಕೊಕ್ಕೆ ಹಾಕಿಸಲು ಹೋದ ದಿನ ಬಿಸಿಲಿತ್ತು. ಟ್ರೇಲರ್ ಸಿಕ್ಕಿಸುವ ಕೊಕ್ಕೆಯನ್ನು ಕಾರಿನ ಹಿಂದೆ ಕೂರಿಸುವ ಒಂದು ಅಂಗಡಿಗೆ, ನಿಮ್ಮ ಮಗ ಡ್ಯೂಟಿಯಲ್ಲಿದ್ದಾಗ, ನಾನೇ ಬಿಳಿ ಕಾರು ಓಡಿಸಿಕೊಂಡು ಹೋದೆ. ನೀವು ಕಲಿಸಿದಂತೆ ಬಾಗಿಲಿನ ಸಂದಿಯಲ್ಲಿರುವ ತಗಡಿನ ಪಟ್ಟಿಯನ್ನು ಮೊದಲು ಓದಿದೆ. ಕಾರಿನ ತೂಕವಿತ್ತು. ಕಾರೂ ಟ್ರೇಲರೂ ಸೇರಿದ ತೂಕ ಇರಬೇಕಾದ ಕಡೆ ಏನೂ ಇರಲಿಲ್ಲ. ಅಂದರೆ ಈ ಮಾದರಿಗೆ ಏನನ್ನೂ ಎಳೆಯುವ ಅನುಮತಿಯೇ ಇಲ್ಲ. ಅಂಗಡಿಯವನಿಗೂ ಅದು ಗೊತ್ತಿತ್ತು. ಬರ್ಗರ್ ತಿನ್ನುತ್ತ, ಪರವಾಗಿಲ್ಲ, ಹಾಕಿಕೊಡುತ್ತೇನೆ, ಯಾರು ನೋಡುತ್ತಾರೆ ಎಂದ. ಅಪಘಾತವಾದರೆ ಎಂದು ಕೇಳಿದೆ. ಭುಜ ಕುಣಿಸಿದ. ಕೆಚಪ್ ಮೆತ್ತಿದ ಆ ಕೈಯಿಂದಲೇ ಕಾರಿನ ಹಿಂಬದಿ ತಟ್ಟಿದ. ಹಿಂದೆ ಕೂರುವುದು ನನ್ನ ಮಗಳು ಅತ್ತೆ... ನಾನು ಕಾರು ತಿರುಗಿಸಿದೆ.

ಮನೆಗೆ ಬಂದಾಗ ನಿಮ್ಮ ಮಗ ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ. ನಾನು ಆ ಸೆಂಟಿನವನನ್ನು ಬೈಯುತ್ತಲೇ ಒಳಗೆ ಬಂದೆ. ಮೋಸ ಮಾಡಿದ, ಕಾರು ವಾಪಸು ಕೊಡೋಣ, ದೂರು ಕೊಡೋಣ ಎಂದೆಲ್ಲ ಹೇಳಿದೆ. ಅವನು ಸೋಸುವುದನ್ನು ನಿಲ್ಲಿಸಲಿಲ್ಲ. ಆಗ ನನಗೆ ಏನೋ ಹೊಳೆದಂತಾಯಿತು.

“ನಿಮಗ ಮೊದ್ಲೇ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಗೊತ್ತಿದ್ದೂ ಇದನ್ನ ತಗೊಂಡ್ರಿ?”

“ಅದಕ್ಕೇ ತಗೊಂಡೆ,” ಎಂದ ನಿಮ್ಮ ಮಗ.

ಅಂದು ಅವನು ಉಳಿದದ್ದನ್ನೂ ಹೇಳಿದ, ತಣ್ಣಗೆ, ರೋಗಿಗೆ ರಿಪೋರ್ಟ್ ಓದಿ ಹೇಳುವ ದನಿಯಲ್ಲಿ. ಆಸ್ಪತ್ರೆಯಲ್ಲಿ ತಾನು ಕನ್ಸಲ್ಟೆಂಟ್. ನಮ್ಮವರ ನಡುವೆ ಒಂದು ಹೆಸರಿದೆ. ಮನೆಯ ಮುಂದೆ ದೋಣಿ ನಿಂತರೆ ಯಾವ ಊರು, ಯಾವ ಕೇರಿ, ಯಾವ ಮನೆತನ ಎಂದು ಶುರುವಾಗುತ್ತದೆ. ಸಾಗಿಸಲು ಗಾಡಿಯೇ ಇಲ್ಲದಿದ್ದರೆ ಕ್ಲಬ್ಬಿನವರು ದೋಣಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತಾರೆ, ಯಾರ ಮನಸ್ಸಿಗೂ ನೋವಾಗುವುದಿಲ್ಲ. ಹೀಗೆ ಅವನ ಲೆಕ್ಕಾಚಾರ. ಎಂಥ ವಿಚಿತ್ರ ನೋಡಿ. ಈ ಊರಿನ ಇಂಗ್ಲಿಷರ ಕಣ್ಣಿಗೆ ದೋಣಿ ಇದ್ದವನು ಸಿರಿವಂತ. ನಮ್ಮವರ ಕಣ್ಣಿಗೆ ಮಾತ್ರ ಅದು ಕೇರಿಯ ಗುರುತು. ಸಮುದ್ರ ದಾಟಿ ಬಂದು ಇಷ್ಟು ವರ್ಷವಾದರೂ ಕೇರಿಯ ವಾಸನೆ ಹಿಡಿಯುವ ಆ ಮೂಗನ್ನು ಮಾತ್ರ ಬಿಟ್ಟಿಲ್ಲ. ಅವನು ಚಹಾದ ಲೋಟ ನನ್ನ ಕೈಗೆ ಕೊಡಲು ಬಂದ. ಆ ಕೈ ಮುಟ್ಟಲು ನನಗೆ ಅಸಹ್ಯವಾಯಿತು.

ಮಂದಿ ಬಂದಾಗಲೆಲ್ಲ ನೀವು ಮಹಡಿಗೆ ಹೋಗಿ ಮಲಗುತ್ತಿದ್ದುದು ಆಮೇಲೆ ನೆನಪಾಯಿತು. ಮೊಣಕಾಲು ನೋವು ಎನ್ನುತ್ತಿದ್ದಿರಿ. ಬೆಳಗ್ಗೆಯಿಡೀ ಜಲಾಶಯದಲ್ಲಿ ದೋಣಿಯಿಂದ ದಡಕ್ಕೆ ಜಿಗಿದ ಮೊಣಕಾಲು ಸಂಜೆ ಹೇಗೆ ನೋಯುತ್ತಿತ್ತು? ನಾನು ಸಂಕೋಚದ ಸ್ವಭಾವ ಎಂದುಕೊಂಡಿದ್ದೆ. ಮಗ ಕಣ್ಣಿನಲ್ಲೇ ಹೇಳುತ್ತಿದ್ದನೇ? ಅಥವಾ ಅವನು ಹೇಳದೆಯೇ ನಿಮಗೆ... ಒಮ್ಮೆಯಾದರೂ ನನ್ನ ಹತ್ತಿರ ಬಾಯಿ ಬಿಡಬಾರದಿತ್ತೇ? ಬಿಟ್ಟಿದ್ದರೆ ಸಂಸಾರದಲ್ಲಿ ಜಗಳವಾಗುತ್ತದೆ ಎಂದು ಹೆದರಿದಿರೇನೋ. ಈಗ ಆಗಿದೆ ನೋಡಿ.

ಮರುವಾರ ನಾನು ನನ್ನ ಸಂಬಳದಲ್ಲೇ ಕಾರು ಹುಡುಕಲು ಹೊರಟೆ. ಮೊದಲು ತನ್ವಿ ಲಂಗರು, ಹುಟ್ಟು, ಹಾಯಿ, ಹಗ್ಗ ಎಲ್ಲವನ್ನೂ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಒಂದೊಂದಾಗಿ ಇಟ್ಟು ನೋಡಿದಳು. ದೋಣಿ ಮತ್ತು ಟ್ರೇಲರ್ ತೂಕಕ್ಕೆ ಅದನ್ನೆಲ್ಲ ಕೂಡಿಸಿದೆವು. ಸೌತ್‌ಹಾಲಿನ ಆಚೆ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಉದ್ದ ಡಿಕ್ಕಿಯ ಹಸಿರು ಪೆಟ್ರೋಲ್ ಕಾರು ಸಿಕ್ಕಿತು. ಕೊಕ್ಕೆ ಮೊದಲೇ ಇತ್ತು, ಬಾಗಿಲ ಪಟ್ಟಿಯಲ್ಲಿ ಬೇಕಾದ ತೂಕವೂ ಇತ್ತು. ನೋಡಲು ಕುರೂಪಿ. ಹಿಂದಿನವರು ನಾಯಿ ಸಾಕಿದ್ದರು, ಸೀಟಿನಲ್ಲಿ ಇನ್ನೂ ಆ ನಾತ. ಪರೀಕ್ಷೆಗೆಂದು ಓಡಿಸಿದಾಗ ಇಳಿಜಾರು ಇರುವ ರಸ್ತೆಯನ್ನೇ ಹುಡುಕಿಕೊಂಡು ಹೋದೆ. ಮನೆಗೆ ತಂದಾಗ ನಿಮ್ಮ ಮಗ ಕಿಟಕಿಯಿಂದ ನೋಡಿ ಪರದೆ ಎಳೆದ. ಅಪ್ಪ ಯಾಕೆ ಹೀಗೆ ಎಂದು ತನ್ವಿ ಕೇಳಿದಳು, ಎಂದಿನಂತೆ ಇಂಗ್ಲಿಷಿನಲ್ಲಿ. ನಾನು ಎಲ್ಲ ಹೇಳಿದೆ, ನಿಮ್ಮ ತಂದೆಯ ಮಚವೆಯಿಂದ ಹಿಡಿದು ಚಹಾ ಸೋಸಿದ ದಿನದವರೆಗೆ. ಆಮೇಲೆ, ಮುತ್ತಜ್ಜನ ಫೋಟೋ ಇದೆಯೇ ಎಂದಳು. ಇಲ್ಲವಲ್ಲ ಅತ್ತೆ. ಒಂದೂ ಇಲ್ಲ.

ಮೇ ತಿಂಗಳ ಒಂದು ಬೆಳಗ್ಗೆ ನಾನೂ ತನ್ವಿಯೂ ಕ್ಲಬ್ಬಿನಿಂದ ದೋಣಿ ಎಳೆದುಕೊಂಡು ಕೆಂಟಿನ ಕಡಲ ದಂಡೆಗೆ ಹೊರಟೆವು. ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದಾಗ ಹಿಂದಿನ ಭಾರ ಒಮ್ಮೆ ತೂಗುತ್ತಿತ್ತು. ಇಳಿಜಾರಿನಲ್ಲಿ ಮಾತ್ರ ಆ ನಾಯಿನಾತದ ಕಾರು ಗಟ್ಟಿಯಾಗಿ ತಡೆಯಿತು. ದೋಣಿ ಇಳಿಸುವ ಜಾಗದಲ್ಲಿ ಟ್ರೇಲರನ್ನು ಹಿಂದಕ್ಕೆ ನಡೆಸಬೇಕು. ಸ್ಟಿಯರಿಂಗ್ ಒಂದು ಕಡೆ ತಿರುಗಿಸಿದರೆ ಅದು ಇನ್ನೊಂದು ಕಡೆ ಹೋಗುತ್ತದೆ. ಮಡಚುವ ಕುರ್ಚಿಗಳಲ್ಲಿ ಕೂತ ಗಂಡಸರು ನಮ್ಮನ್ನೇ ನೋಡುತ್ತ ನಗುತ್ತಿದ್ದರು. ಒಬ್ಬ ಎದ್ದು ಬಂದು ಕೀಲಿ ಕೊಡು, ನಾನು ಮಾಡುತ್ತೇನೆ ಎಂದು ಕೈ ಚಾಚಿದ. ಕೊಡಲಿಲ್ಲ. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗಿ, ಅಂತೂ ನೀರಿಗೆ ತಂದೆ. ತನ್ವಿ ಚುಕ್ಕಾಣಿ ಹಿಡಿದಳು. ಧಾರವಾಡದವಳು ನಾನು, ಕೆಲಗೇರಿ ಕೆರೆ ಬಿಟ್ಟರೆ ನೀರು ಕಂಡು ಬೆಳೆದವಳಲ್ಲ. ಮೂರನೇ ಅಲೆಗೇ ವಾಂತಿ ಮಾಡಿಕೊಂಡೆ. ಆದರೆ ನಿಮ್ಮ ದೋಣಿ ಓಡಿತು ಅತ್ತೆ. ಹಾಯಿ ತುಂಬಿ, ಒಂದು ಬದಿಗೆ ವಾಲಿ, ನೀರು ಸೀಳಿಕೊಂಡು. ನನ್ನ ಮಗಳು ಹಗ್ಗವನ್ನು ಸ್ವಲ್ಪ ಸಡಿಲ ಬಿಡುತ್ತ, ನಿಮ್ಮ ಹಾಗೇ ತುಟಿ ಕಚ್ಚಿ ಕೂತಿದ್ದಳು.

ಈಗ ದೋಣಿ ಮನೆಯ ಮುಂದೆ ನಿಂತಿದೆ, ನಾಲ್ಕು ಜನ ನೋಡುವಲ್ಲೇ. ನಿಮ್ಮ ಮಗ ಬಿಳಿ ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿ ನಡೆದು ಬರುತ್ತಾನೆ, ಎರಡೂ ಒಟ್ಟಿಗೆ ಕಾಣಬಾರದೆಂದು. ಮಳೆಯಲ್ಲಿ ನೆನೆದು ಬರುತ್ತಾನೆ. ನಾನು ಟವೆಲ್ ಕೊಡುವುದಿಲ್ಲ.

ನಿಮಗೆ ತಿಳಿಯದ ಸುದ್ದಿ ಒಂದಿದೆ, ಅದಕ್ಕೇ ಈ ಪತ್ರ. ಮೊನ್ನೆ ಆಸ್ಪತ್ರೆಯ ಒಬ್ಬ ಹಿರಿಯ ಡಾಕ್ಟರು ಮನೆಗೆ ಬಂದಿದ್ದರು, ಮೈಸೂರಿನವರು, ಹೆಂಡತಿಯೊಂದಿಗೆ. ಬಾಗಿಲಲ್ಲೇ ನಿಂತು ದೋಣಿ ಯಾರದೆಂದು ಕೇಳಿದರು. ತನ್ವಿ ಬಾಯಿ ತೆರೆದಳು, ಅವಳ ಕೈ ಅದುಮಿದೆ. ನಿಮ್ಮ ಮಗ ನೆಲ ನೋಡಿದ, ದೋಣಿ ನೋಡಿದ, ಆಮೇಲೆ ಹೇಳಿದ: “ನನ್ನ ಅಮ್ಮಂದು. ಅವರು ದೋಣಿ ನಡೆಸೋರ ಮನೆಯವರು.” ಅಷ್ಟೇ ಹೇಳಿ ಚಹಾ ಮಾಡಲು ಒಳಗೆ ಹೋದ. ‘ಅವರು’ ಎಂದ, ‘ನಾವು’ ಎನ್ನಲಿಲ್ಲ. ನನ್ನ ಹೇಸಿಗೆ ಇಷ್ಟಕ್ಕೆ ಇಳಿಯುವಂಥದ್ದಲ್ಲ. ಆದರೂ ನಿಮಗೆ ತಿಳಿಸದೆ ಇರಲಾಗಲಿಲ್ಲ.

ಜೂನ್ ಕೊನೆಗೆ ಮತ್ತೆ ಕಡಲಿಗೆ ಹೋಗುತ್ತೇವೆ. ಹಸಿರು ಕಾರಿನಲ್ಲಿ ಮುಂದಿನ ಸೀಟು ಖಾಲಿ ಇರುತ್ತದೆ. ಬನ್ನಿ ಎಂದು ನಿಮ್ಮ ಮಗನನ್ನು ನಾನು ಕರೆಯುವುದಿಲ್ಲ. ತಾನಾಗಿ ಬಂದು ಕೂತರೆ ಇಳಿಸುವುದೂ ಇಲ್ಲ, ಇದು ನಿಮಗೆ ನಾನು ಕೊಡುವ ಮಾತು.

ನಿಮ್ಮ,
ಶೋಭಾ